‘ಗೌಡ್ರೇ’ ಎಂಬ ಕೂಗಿಗೆ ಸಾವಿರ ವರ್ಷ!

ಬಾದನಹಟ್ಟಿಯ ಕಟ್ಟೆಯ ಹತ್ತಿರ ಯಾರಾದರೂ ‘ಗೌಡ್ರೇ, ಬರ್ರಿ’ ಎಂದು ಕೂಗಿದರೆ ನೀವು ತಿರುಗಿಯೂ ನೋಡಲಿಕ್ಕಿಲ್ಲ. ನಾನೀಗ ನಿಂತುಬಿಡುತ್ತೇನೆ! ಆ ಕೂಗು ಶಾಸನದ ಕಲ್ಲಿನಿಂದ ಎದ್ದು ಬಂದದ್ದು. ಅಲ್ಲಿನ ‘ಗಾವುಂಡ’ ಸವೆದು ಸವೆದು ಗೌಡನಾದ, ‘ಸೇನಬೋವ’ ಶಾನುಭೋಗನಾದ, ‘ತಳಾರ’ ತಳವಾರನಾದ. ರಾಷ್ಟ್ರಕೂಟರು ಹೋದರು, ಚಾಲುಕ್ಯರು ಹೋದರು, ಇಲ್ಲೇ ಕುರುಗೋಡಿನಲ್ಲಿ ಆಳಿದ ಸಿಂದರೂ ಹೋದರು. ಊರ ಹಿರಿತನದ ಹೆಸರು ಮಾತ್ರ ನಾಲಿಗೆ ಬಿಟ್ಟು ಇಳಿಯಲಿಲ್ಲ.

1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಹಳ್ಳಿಗಳನ್ನು ಕಂಡು, ಹನ್ನೆರಡು ಆಯಗಾರರೂ ತಲೆಯಾಳಾಗಿ ಗೌಡನೂ ಇರುವ ಒಂದೊಂದು ಊರೂ ಪುಟ್ಟ ಗಣರಾಜ್ಯ ಎಂದು 1806ರಲ್ಲಿ ಬರೆದ. ಲೆಕ್ಕ ಶಾನುಭೋಗನದು, ಕಾವಲು ತಳವಾರನದು, ಗದ್ದೆಗೆ ನೀರು ಬಿಡುವುದು ನೀರಗಂಟಿಯದು. ಕಂದಾಯ ಎತ್ತುವುದು, ಜಗಳ ಬಿಡಿಸುವುದು ಗೌಡನದು. ಕೂಲಿಯೋ? ಮಾನ್ಯದ ಹೊಲ, ಕಣದ ರಾಶಿಯಿಂದ ಅಳೆದುಕೊಡುವ ಆಯ! ಅದೇ ಕಟ್ಟೆಯ ಮುಂದೆ ಎಷ್ಟೋ ಜನ ಚಪ್ಪಲಿ ಕಳಚಿ ದೂರ ನಿಲ್ಲಬೇಕಿತ್ತು ಎಂಬುದನ್ನೂ ಮರೆಯಲಾರೆ.

ಊರ ಹಿರಿತನಕ್ಕೆ ತಲೆಬಾಗುವುದು ನಮ್ಮಲ್ಲಷ್ಟೇ ಅಲ್ಲ. ಕಡಲಾಚೆಯ ಫಿಜಿಯಲ್ಲಿ, ಊರಿಗೆ ಬಂದವರು ಯಂಗೋನ ಎಂಬ ಗಿಡದ ಬೇರನ್ನು ಹಿರಿಯರ ಮುಂದಿಟ್ಟು ಅಪ್ಪಣೆ ಬೇಡುತ್ತಾರೆ. ನಮ್ಮ ಎಲೆ-ಅಡಿಕೆಯೇ! ಅಲ್ಲಿ 1876ರಲ್ಲಿ ಹುಟ್ಟಿದ ನಾಯಕರ ಮಹಾಸಭೆಯನ್ನು 2012ರಲ್ಲಿ ರದ್ದುಮಾಡಿ 2023ರಲ್ಲಿ ಮತ್ತೆ ಕೂಡಿಸಿದರು. ನಮ್ಮ ವಂಶಪಾರಂಪರ್ಯದ ಗೌಡಿಕೆ, ಶಾನುಭೋಗಿಕೆಗಳನ್ನು 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಕಿತ್ತುಹಾಕಿತು. ಅವು ಮರಳಲಿಲ್ಲ, ಮರಳಬೇಕಾಗಿಯೂ ಇರಲಿಲ್ಲ.

ನನ್ನ ಎದೆ ಝಲ್ಲೆಂದದ್ದು ಮಾತ್ರ ಶಿಕಾರಿಪುರ ಸೀಮೆಯ ಒಂದು ಕಲ್ಲಿನ ಮುಂದೆ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಕಾಲುಭಾಗ ಸ್ಥಾನ ಮೀಸಲಾದಾಗ ಎಂಥ ಹೊಸತು ಎಂದುಕೊಂಡಿದ್ದೆವಲ್ಲ! ಆ ಕಲ್ಲು ಹೇಳುವುದೇ ಬೇರೆ: 10ನೇ ಶತಮಾನದ ಮೊದಲಲ್ಲೇ ನಾಗರಖಂಡ ಎಪ್ಪತ್ತು ಎಂಬ ಸೀಮೆಯ ನಾಳ್ಗಾವುಂಡ, ಎಂದರೆ ನಾಡಗೌಡ, ತೀರಿಕೊಂಡಾಗ ಆ ಅಧಿಕಾರ ಬಂದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ. ಎಪ್ಪತ್ತು ಊರು! ಆಕೆ ಗಟ್ಟಿಯಾಗಿ ಆಳಿದಳು. ಕಾಯಿಲೆ ಬಿದ್ದು ಬಂದಣಿಕೆಯ ಬಸದಿಯಲ್ಲಿ ಸಾಯುವತನಕ ಉಪವಾಸವಿರುವ ಸಲ್ಲೇಖನ ವ್ರತ ಹಿಡಿಯುವ ಮುನ್ನ ಅಧಿಕಾರವನ್ನು ಒಪ್ಪಿಸಿದ್ದು ತನ್ನ ಮಗಳಿಗೆ.