ಕಾಫಿ ಹುದುಗುವ ತೊಟ್ಟಿ, ಕಾಫಿ ಇಳಿಯುವ ಫಿಲ್ಟರ್

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಯಿತೆಂದರೆ ಪಲ್ಪಿಂಗ್ ಮನೆಯ ಸುತ್ತ ಹುಳಿಹುಳಿಯಾದ, ತುಸು ಹೆಂಡದಂಥ ವಾಸನೆ. ಕಾಫಿ ಹುದುಗುತ್ತಿರುತ್ತದೆ. ಫಿಲ್ಟರ್ ಕಾಫಿಯನ್ನು ಆರಾಧಿಸುವ ಬೆಂಗಳೂರಿನ ಎಷ್ಟೋ ಮಂದಿಗೆ ಈ ಸಂಗತಿಯೇ ಗೊತ್ತಿಲ್ಲ.

ಹಣ್ಣಿನ ಸಿಪ್ಪೆಯನ್ನು ಪಲ್ಪರ್ ಸುಲಿದರೂ ಬೀಜಕ್ಕೆ ಲೋಳೆ ಅಂಟಿಕೊಂಡೇ ಇರುತ್ತದೆ. ಪೆಕ್ಟಿನ್, ಸಕ್ಕರೆ ತುಂಬಿದ ಈ ಲೋಳೆ ಬರೀ ನೀರಿಗೆ ಜಗ್ಗುವುದಿಲ್ಲ. ಹಾಗಾಗಿ ಬೀಜವನ್ನು ತೊಟ್ಟಿಗೆ ತುಂಬಿ ಬಿಡುತ್ತಾರೆ. ಹಣ್ಣಿನ ಜೊತೆಗೇ ಬಂದ ಯೀಸ್ಟು, ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಕಿಣ್ವಗಳು ಪೆಕ್ಟಿನ್ನನ್ನು ಕಡಿದು ಸಡಿಲಗೊಳಿಸುತ್ತವೆ. ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು; ಚಳಿ ಹೆಚ್ಚಿದ್ದರೆ ಇನ್ನಷ್ಟು. ಅನುಭವಸ್ಥರು ಗಡಿಯಾರ ನೋಡುವುದಿಲ್ಲ. ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜುತ್ತಾರೆ. ಜಾರುವುದು ನಿಂತು, ಗರಗರ ಎಂದು ಕೈಗೆ ತಗುಲಿದರೆ ಹದ ಬಂತು. ತಡ ಮಾಡಿದರೆ ಬೀಜವೇ ನಾರುತ್ತದೆ, ಅಂಥ ಕೆಲವೇ ಬೀಜ ಸೇರಿದರೂ ಕಾಫಿ ಕೆಟ್ಟಿತು.

ಆಮೇಲೆ ತೊಳೆದು, ಕಣದಲ್ಲಿ ಒಣಗಿಸಿ, 200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಹುರಿಯುವಾಗ ಈ ಜೀವಿಗಳೆಲ್ಲ ಸುಟ್ಟುಹೋಗುತ್ತವೆ. ಅಡುಗೆಮನೆಯ ಫಿಲ್ಟರಿನಲ್ಲಿ ನಡೆಯುವುದು ಬೇರೆಯದೇ ಕೆಲಸ. ಬಿಸಿನೀರು ಪುಡಿಯಲ್ಲಿರುವ ಕೆಫೀನು, ಬಣ್ಣ, ಕಹಿ, ಪರಿಮಳಗಳನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಪುಡಿಯ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಡಿಕಾಕ್ಷನ್ನಿಗೆ ಬಂದರೆ ರುಚಿ ಸರಿ. ಇನ್ನೂ ಹಿಂಡಿದರೆ ಬರೀ ಕಹಿ. ಬ್ರೂಯಿಂಗ್ ಎಂದರೆ ಇಷ್ಟೇ: ಇದ್ದದ್ದನ್ನು ಬಿಸಿನೀರಿಗೆ ಇಳಿಸುವುದು. ಹುದುಗಿನಲ್ಲಾದರೆ ಇಲ್ಲದ್ದು ಹುಟ್ಟುತ್ತದೆ. ಇಡ್ಲಿ ಹಿಟ್ಟನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಆಮ್ಲವೂ ಉಬ್ಬಿಸುವ ಇಂಗಾಲದ ಡೈಆಕ್ಸೈಡೂ ಅಕ್ಕಿ, ಉದ್ದಿನಲ್ಲಿ ಇದ್ದವಲ್ಲ. ರಾತ್ರಿಯಿಡೀ ಲ್ಯೂಕೊನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ದುಡಿದು ಮಾಡಿದ್ದು. ಡಿಕಾಕ್ಷನ್ನಿಗೆ ಹೇಳಿಮಾಡಿಸಿದಂಥ ಕುದಿವ ನೀರನ್ನು ಆ ಹಿಟ್ಟಿಗೆ ಸುರಿದರೆ ಎಲ್ಲ ಸತ್ತು, ಬೆಳಿಗ್ಗೆ ಕಲ್ಲಿನಂಥ ಇಡ್ಲಿ.

ಬಿಯರಿಗೆ ಎರಡೂ ಬೇಕು, ಅದೂ ಕ್ರಮವಾಗಿ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯನ್ನು ನುರಿದು 65 ಡಿಗ್ರಿ ಆಸುಪಾಸಿನ ನೀರಿನಲ್ಲಿ ನೆನೆಸಿದರೆ, ಕಾಳಿನ ಕಿಣ್ವಗಳೇ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಸೋಸಿ, ಹಾಪ್ಸ್ ಹೂ ಹಾಕಿ ಕುದಿಸುತ್ತಾರೆ. ಈ ಹಂತದಲ್ಲಿ ಅದು ಸಿಹಿ-ಕಹಿ ಕಷಾಯ, ಮಗು ಕುಡಿದರೂ ಅಮಲೇರದು. ಚೆನ್ನಾಗಿ ತಣಿಸಿದ ಮೇಲೆಯೇ ಯೀಸ್ಟು ಬೆರೆಸಬೇಕು. ಮದ್ಯ ಹುಟ್ಟುವುದು ಅಲ್ಲಿಂದಾಚೆ.

ಸೇಂದಿಗೆ ಒಲೆಯೂ ಬೇಡ, ನೀರೂ ಬೇಡ. ಹೊಂಬಾಳೆಯ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ, ಗಡಿಗೆಗೆ ತೊಟ್ಟಿಕ್ಕುತ್ತಿದ್ದಂತೆಯೇ ಹುದುಗು ಶುರು. ಸಿಹಿ ನೀರಾ ಬೇಕಾದವರು ಗಡಿಗೆಯ ಒಳಗೆ ಸುಣ್ಣ ಬಳಿದು ಕಟ್ಟುತ್ತಾರೆ. ಅದರ ಕ್ಷಾರದಲ್ಲಿ ಯೀಸ್ಟಿನ ಆಟ ನಡೆಯುವುದಿಲ್ಲ.