ಎಲ್ಲರೂ ಸ್ಲೇಟು ತೋರಿಸಿ!

ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗದೊರೆ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ ಆ ಶಿಲೆಯ ಮೇಲೆ ಕಿತ್ತಯ್ಯನೆಂಬ ವೀರನ ಹೆಸರೂ ‘ಪೆರ್ಬೊಳಲ್ ನಾಡು’ ಎಂಬ ಪ್ರದೇಶದ ಹಳೆಯ ಹೆಸರೂ ಕನ್ನಡದಲ್ಲಿ ಕೆತ್ತಲ್ಪಟ್ಟಿವೆ. ಹನ್ನೆರಡು ಶತಮಾನಗಳು ಕಳೆದರೂ ಆ ಅಕ್ಷರಗಳು ಅಳಿಸಿಹೋಗಿಲ್ಲ. ಆದರೆ ಅದೇ ಹೆಬ್ಬಾಳದಲ್ಲಿ ಇಂದು ಲೆಕ್ಕ ಕಲಿಯುತ್ತಿರುವ ಮಗುವಿಗೆ ಬೇಕಾದುದು ಬೇರೊಂದು ಬಗೆಯ ಕಲ್ಲು. ಒಮ್ಮೆ ಒರೆಸಿದೊಡನೆ ಬರೆದುದೆಲ್ಲವೂ ಮಾಯವಾಗುವ ಸ್ಲೇಟು!

ಊರಿನ ಯಾವುದಾದರೊಂದು ಶಾಲೆಯ ಮೂರನೆಯ ತರಗತಿಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. “ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಎಷ್ಟು?” ಎಂದು ಉಪಾಧ್ಯಾಯಿನಿ ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ನಾಲ್ಕಾರು ಕೈಗಳು ಮೇಲೇಳುತ್ತವೆ. “ಇಪ್ಪತ್ತೈದು, ಮಿಸ್” ಎನ್ನುತ್ತಾನೆ ಒಬ್ಬ ಹುಡುಗ. “ಭೇಷ್!” ಎಂಬ ಮಾತಿನೊಂದಿಗೆ ಪಾಠ ಮುಂದೆ ಸಾಗುತ್ತದೆ.

ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಬಾಲಕಿಗೆ ಉತ್ತರ ತಿಳಿದಿತ್ತೇ? ಕಟ್ಟಡದ ಕೆಲಸಕ್ಕೆ ಬಂದ ತಂದೆತಾಯಿಗಳೊಡನೆ ದೂರದ ಜಿಲ್ಲೆಯಿಂದ ಬಂದವಳೋ, ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವವಳೋ ಆಗಿರಬಹುದು. ತಪ್ಪು ಹೇಳಿ ನಗೆಗೀಡಾಗುವುದಕ್ಕಿಂತ ಸುಮ್ಮನಿರುವುದೇ ಲೇಸೆಂದು ಅವಳ ಎಣಿಕೆ. ಪರೀಕ್ಷೆಯ ಕಾಗದ ಉಪಾಧ್ಯಾಯಿನಿಯ ಕೈ ಸೇರುವ ವೇಳೆಗೆ ಅವಳ ತಪ್ಪು ಬೇರೂರಿರುತ್ತದೆ.

ಅದೇ ಪ್ರಶ್ನೆಗೆ ಪ್ರತಿಯೊಂದು ಮಗುವೂ ತನ್ನ ಸ್ಲೇಟಿನ ಮೇಲೆ ಉತ್ತರ ಬರೆದು, ಎಲ್ಲರೂ ಒಟ್ಟಿಗೆ ಎತ್ತಿ ಹಿಡಿದರೆ? ಒಂದೇ ನೋಟಕ್ಕೆ ಇಡೀ ತರಗತಿಯ ಮನಸ್ಸು ತೆರೆದುಕೊಳ್ಳುತ್ತದೆ. ಹತ್ತು ಸ್ಲೇಟುಗಳ ಮೇಲೆ 35 ಎಂದಿದ್ದರೆ, ಆ ಮಕ್ಕಳು ಏಳರಿಂದಲೇ ಎರಡನ್ನು ಕಳೆದಿದ್ದಾರೆ, ಹತ್ತರ ಸ್ಥಾನದಿಂದ ಎರವಲು ತರುವ ಕ್ರಮ ಅವರಿಗೆ ತಿಳಿದಿಲ್ಲ ಎಂಬುದು ಆ ಕ್ಷಣವೇ ಸ್ಪಷ್ಟವಾಗುತ್ತದೆ. ಮುಂದಿನ ಪಾಠಕ್ಕೆ ಹೋಗಬೇಕೇ, ಅಲ್ಲಿಯೇ ನಿಲ್ಲಬೇಕೇ ಎಂಬುದನ್ನು ಸ್ಲೇಟುಗಳೇ ಹೇಳುತ್ತವೆ.

ಅಳಿಸಿ ಬರೆಯುವ ಈ ವಿದ್ಯೆ ಕನ್ನಡಿಗರಿಗೆ ಹೊಸತಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿದ ಕಡತಗಳ ಮೇಲೆ ನಮ್ಮ ಹಿರಿಯರು ಬಳಪದಿಂದ ಬರೆಯುತ್ತಿದ್ದರು; ಬೇಡವಾದುದನ್ನು ಅಳಿಸುತ್ತಿದ್ದರು. ಮದರಾಸಿನ ಎಗ್ಮೋರಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆ್ಯಂಡ್ರೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುವುದನ್ನು ಕಂಡು ಆ ಕ್ರಮವನ್ನು ತನ್ನ ಶಾಲೆಗೆ ತಂದನು. ತನ್ನ ಪ್ರಯೋಗಗಳನ್ನು ಕುರಿತು 1797ರಲ್ಲಿ ಪುಸ್ತಕವನ್ನೂ ಪ್ರಕಟಿಸಿದನು. ಸುಮಾರು ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರನ ಪದ್ಧತಿಯಲ್ಲಿ, ಒಂದೇ ಆಜ್ಞೆಗೆ ಮಕ್ಕಳೆಲ್ಲರೂ ಸ್ಲೇಟುಗಳನ್ನು ತೋರಿಸುತ್ತಿದ್ದರು.

ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವ್ಯಾಪಿಸಿತು. ಅದರ ಕೊಠಡಿಗಳಲ್ಲಿ ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು, ಮಕ್ಕಳ ಕೈಗೆಟಕುವಂತೆ ಪ್ರತಿಯೊಬ್ಬರಿಗೂ ಬರೆಯುವ ಜಾಗವನ್ನು ಒದಗಿಸಲಾಯಿತು. ಈಗ ಮಾರ್ಕರಿನಿಂದ ಬರೆಯುವ ಪುಟ್ಟ ಬಿಳಿ ಹಲಗೆಗಳೂ ಬಂದಿವೆ. ಬಿಳಿ ರಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿದರೂ ಕೆಲಸ ನಡೆದೀತು. ಒರೆಸಲು ಹಳೆಯ ಬಟ್ಟೆಯ ತುಂಡು ಸಾಕು.

ಆದರೆ ಹಲಗೆ ಹಂಚಿದ ಮಾತ್ರಕ್ಕೆ ಕಲಿಕೆ ಆಗಿಬಿಡುವುದಿಲ್ಲ. ಪ್ರಶ್ನೆ ಒಂದು ಅಂಕಿಯಲ್ಲೋ ಒಂದೆರಡು ಪದಗಳಲ್ಲೋ ಉತ್ತರಿಸುವಂತಿರಬೇಕು. ಯೋಚಿಸಲು ಬಿಡುವು ಕೊಡಬೇಕು. ಬರೆದವರು ಹಲಗೆಯನ್ನು ಮಗುಚಿ ಇಟ್ಟುಕೊಂಡು, ಅಪ್ಪಣೆಯಾದಾಗ ಮಾತ್ರ ಎತ್ತಬೇಕು. ಇಲ್ಲವಾದರೆ ಚುರುಕಾದ ಒಬ್ಬನ ಉತ್ತರವೇ ಸಾಲುಸಾಲಾಗಿ ನಕಲಾಗುವುದು. “ತೋರಿಸಿ” ಎಂಬ ಮಾತಿಲ್ಲದೆ ಕೊಟ್ಟ ಹಲಗೆ ಬೇಗನೆ ಗೊಂಬೆ ಬಿಡಿಸುವ ಹಲಗೆಯಾಗುತ್ತದೆ. ಉಳಿಸಿಕೊಳ್ಳಬೇಕಾದುದನ್ನು ಕೊನೆಯಲ್ಲಿ ನೋಟುಪುಸ್ತಕಕ್ಕೆ ಬರೆದುಕೊಳ್ಳಬೇಕು, ಏಕೆಂದರೆ ಹಲಗೆಗೆ ನೆನಪಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ತಪ್ಪು ಕಂಡಾಗಿನ ಉಪಾಧ್ಯಾಯರ ಮುಖಭಾವ. “ಇದಾರದು?” ಎಂದು ಗದರಿದರೆ, ಮರುದಿನ ಆ ಮಗು ಖಾಲಿ ಸ್ಲೇಟನ್ನೇ ಎತ್ತಿ ಹಿಡಿಯುವುದು. ಹೆಸರೆತ್ತದೆ, “ಕೆಲವರು ಮೂವತ್ತೈದು ಎಂದಿದ್ದೀರಿ; ಅದು ಹೇಗೆ ಬಂದಿತೆಂದು ನೋಡೋಣ” ಎಂದರೆ, ತಪ್ಪೇ ಎಲ್ಲರಿಗೂ ಪಾಠವಾಗುವುದು. ಮನೆಯಲ್ಲಿ ಲೆಕ್ಕ ಹೇಳಿಕೊಡುವ ತಾಯಿತಂದೆಯರಿಗೂ ಈ ಮಾತು ಸಲ್ಲುತ್ತದೆ.

ಹಿಂದಿನ ಸಾಲಿನ ಬಾಲಕಿ ಆಗ 35ನ್ನು ಒರೆಸಿ, 25 ಎಂದು ಬರೆದು, ಎಲ್ಲರೊಡನೆ ಸ್ಲೇಟನ್ನು ಎತ್ತಿ ಹಿಡಿಯುತ್ತಾಳೆ. ಅವಳು ಮೊದಲು ಏನು ಬರೆದಿದ್ದಳೆಂಬುದರ ಗುರುತೂ ಅಲ್ಲಿ ಉಳಿದಿರುವುದಿಲ್ಲ.