ಪಿಂಡವಿಚಾರವೂ ಆಕರಕೋಶ ಸಂಶೋಧನೆಯೂ

ಕಪಿಲಾ ನದಿಯ ದಡದ ಎರಡು ಕ್ಷೇತ್ರಗಳಲ್ಲಿ ಮನುಷ್ಯನ ಒಡಲಿನ ಎರಡು ಚಿಂತೆಗಳು ಬಹುಕಾಲದಿಂದ ಹರಕೆಯಾಗಿಯೂ ವಿಧಿಯಾಗಿಯೂ ನಡೆದುಬಂದಿವೆ. ನಂಜನಗೂಡಿಗೆ ಬರುವ ಭಕ್ತರಲ್ಲಿ ರೋಗ ವಾಸಿಯಾಗಲೆಂದು ಉರುಳುಸೇವೆ ಮಾಡುವವರು, ಮುಡಿ ಒಪ್ಪಿಸುವವರು ಅನೇಕರು. ಅಲ್ಲಿಯ ಶ್ರೀಕಂಠೇಶ್ವರನು ವೈದ್ಯನೆಂದೇ ಪ್ರಸಿದ್ಧನು. ತನ್ನ ಪ್ರೀತಿಯ ಆನೆಗೆ ಹೋದ ಕಣ್ಣು ಮರಳಿ ಬಂದುದನ್ನು ಕಂಡು ಟಿಪ್ಪು ಸುಲ್ತಾನನು ಆ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಪ್ರತೀತಿಯುಂಟು. ಅದೇ ನದಿಯ ಕೆಳಹರಿವಿನಲ್ಲಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸಂಗಮದಲ್ಲಿ, ಗತಿಸಿದವರಿಗೆ ಪಿಂಡಪ್ರದಾನ ನಡೆಯುತ್ತದೆ. ವೀರಶೈವರಲ್ಲಿ ಈ ಪಿತೃಕರ್ಮವಿಲ್ಲ. ಆದರೆ ‘ಪಿಂಡ’ವೆಂಬ ಆ ಶಬ್ದವು ವೀರಶೈವ ಶಾಸ್ತ್ರದ ಹೊಸ್ತಿಲಲ್ಲಿಯೇ ನಿಂತಿದೆ; ಶ್ರೀ ಸಿದ್ಧಾಂತಶಿಖಾಮಣಿಯ 101 ಸ್ಥಲಗಳಲ್ಲಿ ಮೊದಲನೆಯದೇ ಪಿಂಡಸ್ಥಲ. ತಾಯಿಯ ಗರ್ಭದಲ್ಲಿ ಮೂಡುವ ಮೊದಲ ಒಡಲಿಗೂ ಕನ್ನಡದಲ್ಲಿ ಪಿಂಡವೆಂದೇ ಹೆಸರು. ವಿಜ್ಞಾನಕ್ಕೂ ಧರ್ಮಕ್ಕೂ ನಡುವೆ ಕಳೆದ ಕಾಲು ಶತಮಾನದಿಂದ ನಡೆದಿರುವ ಒಂದು ದೊಡ್ಡ ವಾದಕ್ಕೆ ಈ ಗರ್ಭಪಿಂಡವೇ ವಸ್ತುವಾಗಿದೆ.

ಆ ವಾದವನ್ನು ತಿಳಿಯಬೇಕಾದರೆ ಸ್ಟೆಮ್ ಸೆಲ್ ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ಕನ್ನಡದಲ್ಲಿ ಇದನ್ನು ಆಕರಕೋಶವೆಂದೂ ಕಾಂಡಕೋಶವೆಂದೂ ಕರೆಯುವುದುಂಟು. ಶರೀರದ ಜೀವಕೋಶಗಳಲ್ಲಿ ಬಹುಪಾಲು ತಮ್ಮ ತಮ್ಮ ಕೆಲಸಕ್ಕೆ ಕಟ್ಟುಬಿದ್ದವುಗಳು. ನರದ ಕೋಶವು ನರವಾಗಿಯೇ ಇರುತ್ತದೆ. ಹೃದಯದ ಕೋಶವು ಹೃದಯವನ್ನು ಬಿಟ್ಟು ಬೇರೊಂದಾಗದು. ಆಕರಕೋಶವು ಹಾಗಲ್ಲ. ಅದು ತನ್ನಂತಹ ಕೋಶವನ್ನೇ ಮತ್ತೆ ಮತ್ತೆ ಹುಟ್ಟಿಸಬಲ್ಲದು, ಬೇಕಾದಾಗ ಬೇರೆ ಬಗೆಯ ಕೋಶವಾಗಿಯೂ ಮಾರ್ಪಡಬಲ್ಲದು. ಬೆಳೆದ ಮನುಷ್ಯನ ಅಸ್ಥಿಮಜ್ಜೆಯಲ್ಲಿ ಇಂತಹ ಕೋಶಗಳಿದ್ದು, ಅವು ದಿನವೂ ಹೊಸ ರಕ್ತವನ್ನು ಉಂಟುಮಾಡುತ್ತವೆ. ಇದಕ್ಕೆ ಪ್ರಯೋಗದ ಆಧಾರವನ್ನು 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಎಂಬ ವಿಜ್ಞಾನಿಗಳು ಒದಗಿಸಿದರು. ಮಜ್ಜೆಯ ಕೋಶಗಳಿಗೆ ರಕ್ತದ ಕುಲವಷ್ಟೇ ಗೊತ್ತು. ಭ್ರೂಣದ ಕೋಶಗಳಿಗೆ ಅಂತಹ ಮಿತಿಯಿಲ್ಲ. ಗರ್ಭಧಾರಣೆಯಾದ 5-6 ದಿನಗಳಲ್ಲಿ ಭ್ರೂಣವು ನೂರು ಇನ್ನೂರು ಕೋಶಗಳ ಒಂದು ಟೊಳ್ಳು ಉಂಡೆಯಾಗಿರುತ್ತದೆ. ಅದರ ಒಳಗಿನ ಗುಂಪಿನಿಂದ ಮುಂದೆ ಕಣ್ಣು, ಎಲುಬು, ಮಿದುಳು ಎಲ್ಲವೂ ರೂಪುಗೊಳ್ಳುತ್ತವೆ.

1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಥಾಮ್ಸನ್ ಅವರು ಮಾನವ ಭ್ರೂಣದ ಈ ಒಳಗುಂಪನ್ನು ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಆದರೆ ಒಳಗುಂಪನ್ನು ತೆಗೆದ ಮೇಲೆ ಭ್ರೂಣವು ಉಳಿಯುವುದಿಲ್ಲ. ವಿವಾದದ ಮೂಲವಿರುವುದು ಇಲ್ಲಿಯೇ. ಗರ್ಭಾಂಕುರದ ಮೊದಲ ಕ್ಷಣದಿಂದಲೇ ಭ್ರೂಣವನ್ನು ವ್ಯಕ್ತಿಯೆಂದು ಗೌರವಿಸಬೇಕೆಂದು ಹೇಳುವ ರೋಮನ್ ಕ್ಯಾಥೊಲಿಕ್ ಧರ್ಮಪೀಠವು ಇದನ್ನು ಕೊಲೆಗೆ ಸಮನಾಗಿ ಕಂಡಿತು. ಬೆಳೆದವರ ಮಜ್ಜೆಯಿಂದಲೋ ಹೊಕ್ಕುಳಬಳ್ಳಿಯಿಂದಲೋ ಪಡೆದ ಕೋಶಗಳಿಗೆ ಆ ಪೀಠದ ವಿರೋಧವಿಲ್ಲವೆಂಬುದನ್ನು ವಾದದ ಬಿಸಿಯಲ್ಲಿ ಹಲವರು ಮರೆಯುತ್ತಾರೆ. 2001ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರು, ಆ ವೇಳೆಗಾಗಲೇ ಬೆಳೆಸಿದ್ದ ಕೋಶಸಂತತಿಗಳ ಮೇಲಿನ ಸಂಶೋಧನೆಗೆ ಮಾತ್ರ ಸರ್ಕಾರದ ಹಣ ದೊರೆಯತಕ್ಕದ್ದೆಂದು ಗೆರೆ ಎಳೆದರು. ಬಳಿಕ ಹೊರಬಿದ್ದ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರೂ ಇದ್ದುದು ಕನ್ನಡಿಗರಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. 2009ರಲ್ಲಿ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡವು ಎರಡು ಮಾನವ ಭ್ರೂಣ ಕೋಶಸಂತತಿಗಳನ್ನು ಬೆಳೆಸಿ ಪ್ರಕಟಿಸಿತು. ಗರ್ಭದಲ್ಲಿ ಇರಿಸಲು ಯೋಗ್ಯವಲ್ಲವೆಂದು ಬಿಟ್ಟ ಭ್ರೂಣಗಳಿಂದ ಅವನ್ನು ಪಡೆಯಲಾಗಿತ್ತು. ವಾದವು ಪರದೇಶದ್ದೆಂದು ಇಲ್ಲಿಯವರು ಕೈತೊಳೆದುಕೊಳ್ಳುವಂತಿಲ್ಲ.

ಹಾಗಾದರೆ ಈ ನೆಲದ ಶಾಸ್ತ್ರಗಳು ಭ್ರೂಣದ ವಿಷಯದಲ್ಲಿ ಏನೆನ್ನುತ್ತವೆ? ಒಂದೇ ಮಾತನ್ನು ಅವು ಹೇಳುವುದಿಲ್ಲವೆಂಬುದೇ ಇಲ್ಲಿ ಮೊದಲು ಗಮನಿಸಬೇಕಾದ ಅಂಶ. ಶುಕ್ರಶೋಣಿತಗಳ ಸಂಯೋಗದಲ್ಲಿಯೇ ಆತ್ಮವು ಮನಸ್ಸಿನೊಡನೆ ಗರ್ಭದಲ್ಲಿ ಇಳಿಯುತ್ತದೆಂಬುದು ಚರಕನ ಮತ. ನಾಲ್ಕನೆಯ ತಿಂಗಳಲ್ಲಿ ಹೃದಯವು ವ್ಯಕ್ತವಾಗಿ ಚೇತನವು ಪ್ರಕಟವಾಗುವುದೆಂದು ಸುಶ್ರುತನು ಹೇಳುತ್ತಾನೆ. ಗರ್ಭಿಣಿಯನ್ನು ಎರಡು ಹೃದಯದವಳೆಂದು ಕರೆಯುವುದು ಆ ಕಾರಣಕ್ಕೆ. ಗರ್ಭೋಪನಿಷತ್ತು ಏಳನೆಯ ತಿಂಗಳಲ್ಲಿ ಜೀವಸಂಯೋಗವನ್ನು ಹೇಳುತ್ತದೆ. ವೀರಶೈವರಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಗುರುವು ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಂಟು. ಹುಟ್ಟುವ ಮುನ್ನವೇ ದೀಕ್ಷೆಯ ಸಂಸ್ಕಾರವನ್ನು ಕೊಡುವ ಈ ಪದ್ಧತಿಯು ಗರ್ಭದ ಶಿಶುವನ್ನು ಭಕ್ತಕುಲದ ಸದಸ್ಯನನ್ನಾಗಿ ಕಾಣುವ ದೊಡ್ಡ ಮಾತು.

ಈ ಎಂಟನೆಯ ತಿಂಗಳನ್ನೇ ಹಿಡಿದು, ಅದಕ್ಕೆ ಮೊದಲು ಅಲ್ಲಿರುವುದು ಬರಿಯ ಮಾಂಸವೆಂದೂ ಅದನ್ನು ಏನು ಮಾಡಿದರೂ ದೋಷವಿಲ್ಲವೆಂದೂ ವಾದಿಸಿದರೆ ಅದು ಶಾಸ್ತ್ರಕ್ಕೆ ಮಾಡುವ ಅಪಚಾರ. ಸಂಸ್ಕಾರವು ಜೀವವನ್ನು ಹುಟ್ಟಿಸುವುದಿಲ್ಲ, ಇರುವ ಜೀವವನ್ನು ಗುರುತಿಸುತ್ತದೆ. ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿನಲ್ಲಿಟ್ಟ ಪರಂಪರೆಯಿದು. ಇನ್ನೊಂದು ಕಡೆಯಿಂದ, ಪಿಂಡಸ್ಥಲವನ್ನು ಉದಾಹರಿಸಿ ಐದು ದಿನದ ಭ್ರೂಣವೇ ಪೂರ್ಣ ವ್ಯಕ್ತಿಯೆನ್ನುವುದೂ ಸರಿಹೋಗದು. ಸಿದ್ಧಾಂತಶಿಖಾಮಣಿಯ ಪಿಂಡವು ವೈದ್ಯನ ಪಿಂಡವಲ್ಲ. ಅನೇಕ ಜನ್ಮಗಳ ಪುಣ್ಯದಿಂದ ಪಾಪವು ಕ್ಷಯಿಸಿ ಅಂತಃಕರಣವು ಶುದ್ಧವಾದ, ಶಿವಭಕ್ತಿಗೆ ಅರ್ಹನಾದ ಜೀವನೇ ಅಲ್ಲಿ ಪಿಂಡ. ಶರೀರವು ಯಾವ ಯಾವ ತತ್ತ್ವಗಳಿಂದ ಕೂಡಿದೆಯೆಂಬುದನ್ನು ವಿವರಿಸುವ, ಚನ್ನಬಸವಣ್ಣನವರ ಹೆಸರಿನಲ್ಲಿರುವ ‘ಕರಣ ಹಸುಗೆ’ಯ ಉದ್ದೇಶವೂ ಒಡಲನ್ನು ಅರಿತು ಅದರೊಳಗಿನ ಲಿಂಗವನ್ನು ಅರಿಯುವುದೇ ಹೊರತು ಜೀವದ ಆರಂಭಕ್ಕೆ ದಿನಾಂಕ ಹಾಕುವುದಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಈ ಗ್ರಂಥಗಳನ್ನು ಓದುವಾಗ ಆಧುನಿಕ ಪ್ರಶ್ನೆಗೆ ಸಿದ್ಧ ಉತ್ತರವನ್ನು ಅವುಗಳ ಬಾಯಿಂದ ಹೊರಡಿಸುವ ಆತುರವನ್ನು ಬಿಡುವುದು ಒಳಿತು.

ವಿಜ್ಞಾನದ ಕಡೆಯಿಂದಲೂ ಒಂದು ತೊಡಕುಂಟು. ಸುಮಾರು 14 ದಿನಗಳವರೆಗೆ ಒಂದು ಭ್ರೂಣವು ಎರಡಾಗಿ ಸೀಳಿ ಅವಳಿಗಳಾಗಬಹುದು. ಮೊದಲ ಕ್ಷಣದಲ್ಲಿಯೇ ಒಂದು ಜೀವವು ನೆಲೆಗೊಂಡಿದ್ದರೆ ಆಮೇಲೆ ಎರಡಾದುದು ಯಾವುದು? ದೇಹದ ಮೊದಲ ಗೆರೆ ಮೂಡುವುದೂ ಆ ಹೊತ್ತಿಗೇ. ಆದಕಾರಣ ಬ್ರಿಟನ್ನಿನಲ್ಲಿ 1984ರ ವಾರ್ನಾಕ್ ಸಮಿತಿಯು 14 ದಿನಗಳ ಮೇರೆಯನ್ನು ಸೂಚಿಸಿತು, 1990ರಲ್ಲಿ ಅಲ್ಲಿ ಅದು ಕಾನೂನಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಮಾರ್ಗದರ್ಶಿ ಸೂತ್ರಗಳೂ 14 ದಿನಗಳಾಚೆಗೆ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದನ್ನು ನಿಷೇಧಿಸಿವೆ. ಹದಿನಾಲ್ಕೆಂಬುದು ಸತ್ಯದ ಗೆರೆಯಲ್ಲ, ಒಪ್ಪಂದದ ಗೆರೆ. ಆದರೂ ಗೆರೆಯೇ ಇಲ್ಲದಿರುವುದಕ್ಕಿಂತ ಅದು ಲೇಸು.

ಈ ಪ್ರಶ್ನೆಯನ್ನು ಪ್ರಯೋಗಾಲಯದ ಬಾಗಿಲಲ್ಲಿ ಆರಂಭಿಸುವುದೇ ತಡವಾಯಿತೆನ್ನಬೇಕು. 1978ರಲ್ಲಿ ಪ್ರನಾಳ ಶಿಶು ಜನಿಸಿದಂದಿನಿಂದ, ಸಂತಾನವಿಲ್ಲದ ದಂಪತಿಗಳಿಗಾಗಿ ಬೇಕಾದುದಕ್ಕಿಂತ ಹೆಚ್ಚು ಭ್ರೂಣಗಳನ್ನು ರೂಪಿಸಿ ಉಳಿದವನ್ನು ಅತಿಶೀತದಲ್ಲಿ ಇಡುವುದು ವಾಡಿಕೆಯಾಗಿದೆ. ನಂಜುಂಡನಿಗೆ ಹರಕೆ ಹೊತ್ತ ದಂಪತಿಗಳೇ ಮೈಸೂರಿನ, ಬೆಂಗಳೂರಿನ ಚಿಕಿತ್ಸಾಲಯಗಳಿಗೂ ಹೋಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಮಗುವಾದ ಮೇಲೆ ಉಳಿದ ಭ್ರೂಣಗಳ ಗತಿಯೇನು? 2021ರ ಸಹಾಯಿತ ಸಂತಾನೋತ್ಪತ್ತಿ ಕಾಯಿದೆಯ ಪ್ರಕಾರ ಅವನ್ನು 10 ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ಮುಗಿದಾಗ ತಾವಾಗಿ ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ನೋಂದಾಯಿತ ಸಂಸ್ಥೆಗೆ ಸಂಶೋಧನೆಗಾಗಿ ಕೊಡಬೇಕು. ಮಾರುವುದು ಅಪರಾಧ. ಪ್ರನಾಳ ಶಿಶುವನ್ನು ಹರಸಿ ತೊಟ್ಟಿಲಿಗೆ ಹಾಕಿದ ಸಮಾಜವು, ಹೇಗೂ ನಶಿಸಲಿರುವ ಭ್ರೂಣವೊಂದು ರೋಗಿಗೆ ನೆರವಾಗಬಲ್ಲ ವಿದ್ಯೆಗೆ ಸಲ್ಲುವುದನ್ನು ಮಾತ್ರ ಪಾಪವೆನ್ನುವುದಾದರೆ ಅದಕ್ಕೆ ತಕ್ಕ ಕಾರಣವನ್ನು ಕೊಡಬೇಕಾಗುತ್ತದೆ. ಪ್ರಯೋಗಕ್ಕೆಂದೇ ಭ್ರೂಣವನ್ನು ಹುಟ್ಟಿಸುವುದು ಬೇರೆಯ ಮಾತು. ಅಲ್ಲಿ ಜೀವವು ಆದಿಯಿಂದಲೇ ಸಾಮಗ್ರಿಯಾಗುತ್ತದೆ, ಅದನ್ನು ಒಪ್ಪುವ ದಾರಿಯು ಈ ಪರಂಪರೆಯಲ್ಲಿ ಕಾಣುವುದಿಲ್ಲ.

ವಿಜ್ಞಾನವೇ ಈ ಬಿಕ್ಕಟ್ಟನ್ನು ಅರ್ಧದಷ್ಟು ಸಡಿಲಿಸಿದೆ. ಜಪಾನಿನ ಶಿನ್ಯಾ ಯಮನಕ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅವನ್ನು ಭ್ರೂಣಕೋಶದಂತಹ ಸ್ಥಿತಿಗೆ ಮರಳಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪಾರಿತೋಷಿಕ ಸಂದಿತು. ಅಲ್ಲಿಂದೀಚೆಗೆ ಅನೇಕ ಪ್ರಯೋಗಗಳಿಗೆ ಭ್ರೂಣದ ಹಂಗಿಲ್ಲ.

ಭ್ರೂಣದ ವಾದಕ್ಕಿಂತ ಹತ್ತಿರದ, ಹೆಚ್ಚು ಕಣ್ಣೀರಿನ ವಿಷಯ ಇನ್ನೊಂದಿದೆ. ಆಕರಕೋಶದ ಹೆಸರಿನಲ್ಲಿ ನಡೆಯುವ ಸುಳ್ಳು ಭರವಸೆಯ ವ್ಯಾಪಾರವೇ ಅದು. ಬೆನ್ನುಹುರಿ ಮುರಿದವರು, ಬುದ್ಧಿಮಾಂದ್ಯದ ಮಕ್ಕಳು, ಕಣ್ಣು ಕಳೆದುಕೊಂಡವರು ಇವರ ಮನೆಯವರು ‘ಸ್ಟೆಮ್ ಸೆಲ್ ಚುಚ್ಚುಮದ್ದು’ ಎಂಬ ಜಾಹೀರಾತನ್ನು ನಂಬಿ ಹೊಲಗದ್ದೆ ಮಾರಿದರೆ ಆ ಪಾಪಕ್ಕೆ ಹೊಣೆ ಯಾರು? ವೈದ್ಯಕೀಯ ಸಂಶೋಧನ ಪರಿಷತ್ತು 2007ರಲ್ಲಿ ಹೊರಡಿಸಿದ ಸೂತ್ರಗಳ ಶಿರೋನಾಮೆಯಲ್ಲಿ ‘ಸಂಶೋಧನೆ ಮತ್ತು ಚಿಕಿತ್ಸೆ’ ಎಂದಿತ್ತು. 2013ರ ಪರಿಷ್ಕರಣದಲ್ಲಿ ‘ಚಿಕಿತ್ಸೆ’ ಎಂಬ ಪದವನ್ನೇ ಕೈಬಿಡಲಾಯಿತು. ಒಂದು ಪದದ ಲೋಪವು ಒಂದು ಗ್ರಂಥದಷ್ಟು ಹೇಳಬಲ್ಲದೆಂಬುದಕ್ಕೆ ಇದು ನಿದರ್ಶನ. 2017ರ ಸೂತ್ರಗಳು ರಕ್ತಸಂಬಂಧಿ ಮೊದಲಾದ ಕೆಲವು ನಿಶ್ಚಿತ ರೋಗಗಳಲ್ಲಿ ರಕ್ತೋತ್ಪಾದಕ ಕೋಶಗಳ ಕಸಿಯನ್ನು ಮಾತ್ರ ರೂಢಿಯ ಚಿಕಿತ್ಸೆಯೆಂದು ಒಪ್ಪಿ, ಮಿಕ್ಕುದೆಲ್ಲವೂ ಅನುಮತಿ ಪಡೆದ ಪ್ರಯೋಗವಾಗಿಯೇ ನಡೆಯಬೇಕೆಂದವು. ಆಮೇಲೆ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಔಷಧವೊಂದು, ಕಾಲಿಗೆ ರಕ್ತ ಹರಿಯದೆ ಕೊಳೆಯುವ ರೋಗಕ್ಕಾಗಿ, ಕ್ರಮಬದ್ಧ ಪ್ರಯೋಗಗಳನ್ನು ದಾಟಿ 2020ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಪಡೆಯಿತು. ಸರಿಯಾದ ದಾರಿಯೂ ಇದೆ, ಅದು ನಿಧಾನವಾದುದು. ಹೆರಿಗೆಯ ಸಮಯದಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿಡಲು ಒತ್ತಾಯಿಸುವವರೂ ಉಂಟು. ವಂಶಪಾರಂಪರ್ಯದ ದೋಷವು ಮಗುವಿನಲ್ಲಿದ್ದರೆ ಅದೇ ದೋಷವು ಆ ರಕ್ತದಲ್ಲಿಯೂ ಇರುತ್ತದೆಂಬುದನ್ನು ಅವರು ಹೇಳುವುದಿಲ್ಲ.

ಧರ್ಮವು ಮಾತನಾಡಬೇಕಾದ ಸ್ಥಳ ಇದು. ಕಾಯಕಶುದ್ಧಿಯನ್ನು ಬೋಧಿಸಿದ ಶರಣರ ದೃಷ್ಟಿಯಲ್ಲಿ, ವಾಸಿಯಾಗದೆಂದು ತಿಳಿದೂ ವಾಸಿಮಾಡುವೆನೆಂದು ಹಣ ಪಡೆಯುವ ವೈದ್ಯನ ಕಾಯಕವು ಕಾಯಕವೇ ಅಲ್ಲ. ಮಠಗಳು ವೈದ್ಯವಿದ್ಯೆಯಿಂದ ದೂರ ನಿಂತವುಗಳೂ ಅಲ್ಲ. ನಂಜನಗೂಡು ತಾಲ್ಲೂಕಿನ ಸುತ್ತೂರು ಶ್ರೀಕ್ಷೇತ್ರದ ಪೂಜ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಹಾಳಾದ ಅಂಗಾಂಶವನ್ನು ಮತ್ತೆ ಬೆಳೆಸುವ ವೈದ್ಯವಿದ್ಯೆಯ ಹೆಸರನ್ನೇ ಹೊತ್ತ ಸಂಶೋಧನ ಕೇಂದ್ರವೊಂದು ಅದೇ ಕಾಲೇಜಿನ ಜೀವರಸಾಯನ ವಿಭಾಗದಲ್ಲಿದೆ. ಹಳ್ಳಿಯ ಭಕ್ತನು ವೈದ್ಯರ ಮಾತಿಗಿಂತ ಮೊದಲು ಗುರುಗಳ ಮಾತನ್ನು ಕೇಳುವುದರಿಂದ, ಯಾವುದು ಸಿದ್ಧವಾದ ಚಿಕಿತ್ಸೆ, ಯಾವುದು ಇನ್ನೂ ಪ್ರಯೋಗವೆಂಬುದು ಪೀಠಗಳಿಂದಲೇ ತಿಳಿದುಬಂದರೆ ಎಷ್ಟೋ ಮನೆಗಳು ಉಳಿದಾವು.

ಸಿದ್ಧವಾದ ಚಿಕಿತ್ಸೆಯಲ್ಲಿ ಭಕ್ತರ ಪಾಲೂ ಇದೆ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಬುಡಕಟ್ಟುಗಳಲ್ಲಿ ರಕ್ತಕಣವು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗವಿದೆ. ಅದರ ನಿರ್ಮೂಲನಕ್ಕಾಗಿ ಕೇಂದ್ರ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ರೋಗಿಯ ಆಕರಕೋಶಗಳ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ ಅದೇ ವರ್ಷದ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಅನುಮತಿ ದೊರೆಯಿತು. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರು. ಕಾಡಂಚಿನ ಮಗುವಿಗೆ ಅದು ನಕ್ಷತ್ರದಷ್ಟು ದೂರ. ಹೊಂದುವ ದಾನಿಯ ಮಜ್ಜೆಯ ಕಸಿಯಾದರೆ ಭಾರತದಲ್ಲಿಯೇ ಲಭ್ಯವಿದೆ, 1983ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಅದು ಮೊದಲಾಯಿತು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರು ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಮಿಕ್ಕವರು ಅಪರಿಚಿತ ದಾನಿಗಾಗಿ ಕಾಯಬೇಕು. ದಾಸೋಹವೆಂದರೆ ಅನ್ನವನ್ನು ಮಾತ್ರ ನೆನೆಯುವ ಭಕ್ತರಿಗೆ ಇದು ಹೊಸ ಬಗೆಯ ದಾಸೋಹ. ದಾನಿಗಳ ಪಟ್ಟಿಗೆ ಸೇರಲು ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಕೊಟ್ಟರೆ ಸಾಕು. ಹೊಂದುವ ರೋಗಿಯು ಸಿಕ್ಕಿದಾಗ ಈಗ ಬಹುತೇಕ ತೋಳಿನ ರಕ್ತದಿಂದಲೇ ಕೋಶಗಳನ್ನು ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ದಾನಿಗೆ ಮರಳಿಸುತ್ತಾರೆ. ಕೊಟ್ಟಷ್ಟು ಕೋಶಗಳು ಕೆಲವೇ ವಾರಗಳಲ್ಲಿ ಅವನ ಮಜ್ಜೆಯಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.